ಮಾಯಾಗುಂಡನ್ನು ಅರಸಿದ ಪಾಲ್ ಎರ್ಲಿಕ್

ವಿಜ್ಞಾನದ ತರಗತಿಯಲ್ಲಿ ಈರುಳ್ಳಿಯ ತೆಳುಪೊರೆಯನ್ನು ಗಾಜಿನ ಪಟ್ಟಿಯ ಮೇಲಿರಿಸಿ, ಒಂದು ತೊಟ್ಟು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ನಮಗೆಲ್ಲ ಪರಿಚಿತ. ಬಣ್ಣ ಬಿದ್ದೊಡನೆ ಅದುವರೆಗೆ ಕಾಣದಿದ್ದ ಕೋಶಕೇಂದ್ರ ಎದ್ದು ಕಾಣುತ್ತದೆ. ಬಣ್ಣವು ಅಲ್ಲಿಗೇ ಏಕೆ ಅಂಟಿತು, ಪಕ್ಕಕ್ಕೇಕೆ ಅಂಟಲಿಲ್ಲ ಎಂದು ನಾವು ಕೇಳಿಕೊಳ್ಳುವುದು ಕಡಿಮೆ. ಈ ಒಂದು ಪ್ರಶ್ನೆಯನ್ನೇ ಕೈಹಿಡಿದು ಜೀವಮಾನವಿಡೀ ನಡೆದ ಮಹಾನುಭಾವರು ಪಾಲ್ ಎರ್ಲಿಕ್.

ಎರ್ಲಿಕ್ ಹುಟ್ಟಿದ್ದು 1854ನೆಯ ಇಸವಿ ಮಾರ್ಚ್ 14ರಂದು, ಅಂದಿನ ಪ್ರಷ್ಯಾದ ಸೈಲೀಷಿಯ ಪ್ರಾಂತದ ಸ್ಟ್ರೇಲೆನ್ ಎಂಬ ಊರಿನ ಯಹೂದಿ ಮನೆತನದಲ್ಲಿ. ಆ ಊರು ಇಂದು ಪೋಲೆಂಡಿಗೆ ಸೇರಿದೆ. ಸಂಬಂಧಿಕರಾದ ಕಾರ್ಲ್ ವೈಗರ್ಟ್ ಅಂಗಾಂಶಗಳಿಗೆ ಬಣ್ಣ ಕೊಡುವುದರಲ್ಲಿ ನಿಪುಣರು. ಅವರಿಂದ ಈ ಹುಚ್ಚು ಬಾಲಕನಿಗೂ ಹತ್ತಿತು. ವೈದ್ಯ ವಿದ್ಯಾರ್ಥಿಯಾಗಿ ಹಲವು ವಿಶ್ವವಿದ್ಯಾಲಯಗಳನ್ನು ಸುತ್ತಿ, 1878ರಲ್ಲಿ ಲೈಪ್ಸಿಗ್‌ನಲ್ಲಿ ಪದವಿ ಪಡೆದಾಗಲೂ ಅವರ ಪ್ರಬಂಧದ ವಿಷಯ ಬಣ್ಣವೇ ಆಗಿತ್ತು. ಮುಂದೆ ಬರ್ಲಿನ್ನಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ, ಬಣ್ಣಗಳ ನೆರವಿನಿಂದಲೇ ರಕ್ತದ ಬಿಳಿಯ ಕಣಗಳನ್ನು ಬಗೆಬಗೆಯಾಗಿ ವಿಂಗಡಿಸಿದರು.

ಅಷ್ಟರಲ್ಲಿ ಕ್ಷಯರೋಗ ಅವರನ್ನೇ ಹಿಡಿಯಿತು. 1888ರಲ್ಲಿ ಪತ್ನಿ ಹೆಡ್‌ವಿಗ್‌ರೊಡನೆ ಈಜಿಪ್ಟಿಗೆ ತೆರಳಿ, ಅಲ್ಲಿನ ಒಣಹವೆಯಲ್ಲಿ ಚೇತರಿಸಿಕೊಂಡು ಮರಳಿದರು. ಬಳಿಕ ರಾಬರ್ಟ್ ಕಾಖ್ ಅವರ ಸಂಸ್ಥೆ ಸೇರಿದರು. ಆಗ ಗಂಟಲಮಾರಿ ರೋಗಕ್ಕೆ ಮಕ್ಕಳು ಹುಳುಗಳಂತೆ ಸಾಯುತ್ತಿದ್ದ ಕಾಲ. ಎಮಿಲ್ ಬೇರಿಂಗ್ ಕಂಡುಹಿಡಿದ ಪ್ರತಿವಿಷದ ರಕ್ತಸಾರವೇನೋ ಇತ್ತು. ಆದರೆ ಒಂದು ಸಲ ಅದು ಪ್ರಬಲ, ಇನ್ನೊಂದು ಸಲ ದುರ್ಬಲ. ಅದರ ಶಕ್ತಿಯನ್ನು ಅಳೆಯುವ ನಿಖರವಾದ ಮಾನವನ್ನು ಹಾಕಿಕೊಟ್ಟವರು ಎರ್ಲಿಕ್. ಅಳತೆ ಸರಿಯಾದ ಮೇಲೆ ಔಷಧವನ್ನು ನಂಬಬಹುದಾಯಿತು.

1897ರಲ್ಲಿ ಅವರು ಒಂದು ಸಿದ್ಧಾಂತವನ್ನು ಮಂಡಿಸಿದರು. ಜೀವಕೋಶದ ಮೈಮೇಲೆ ಪಾರ್ಶ್ವಸರಪಣಿಗಳಿವೆ, ಬೀಗಕ್ಕೆ ಕೀಲಿ ಕೂಡುವಂತೆ ವಿಷವು ಅವುಗಳಿಗೆ ಕೂಡಿಕೊಳ್ಳುತ್ತದೆ, ಆಗ ಕೋಶವು ಅಂಥವನ್ನು ಹೇರಳವಾಗಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಅವೇ ಪ್ರತಿಕಾಯಗಳು. ಇದರ ಕೆಲವು ವಿವರಗಳು ಮುಂದೆ ತಿದ್ದುಪಡಿಯಾದರೂ, ಆಕಾರಕ್ಕೆ ಆಕಾರ ಹೊಂದುವುದೆಂಬ ತಿರುಳು ಉಳಿಯಿತು. 1908ರಲ್ಲಿ ಮೆಚ್ನಿಕಾಫ್‌ರೊಡನೆ ನೊಬೆಲ್ ಪಾರಿತೋಷಕ ದೊರೆಯಿತು.

ಹಾಗಾದರೆ ಆರೋಗ್ಯವಂತ ಅಂಗವನ್ನು ಮುಟ್ಟದೆ ರೋಗವನ್ನು ಮಾತ್ರ ಹುಡುಕಿ ಹೊಡೆಯುವ ಔಷಧ ಏಕಿರಬಾರದು? ಇದಕ್ಕೆ ಅವರು ಇಟ್ಟ ಹೆಸರು ಮಾಯಾಗುಂಡು. ಫ್ರಾಂಕ್‌ಫರ್ಟಿನಲ್ಲಿ ನೂರಾರು ಸಂಯುಕ್ತಗಳನ್ನು ಒಂದೊಂದಾಗಿ ಪರೀಕ್ಷಿಸಿದರು. 1909ರಲ್ಲಿ ಜಪಾನಿನ ಸಹಾಚಿರೋ ಹಾಟಾ, ಹಿಂದೆ ಪ್ರಯೋಜನವಿಲ್ಲವೆಂದು ಬದಿಗಿಟ್ಟಿದ್ದ 606ನೆಯ ಸಂಯುಕ್ತವನ್ನು ಮತ್ತೆ ಪರೀಕ್ಷಿಸಿದಾಗ, ಅದು ಸಿಫಿಲಿಸ್ ರೋಗಾಣುಗಳನ್ನು ಕೊಲ್ಲುವುದು ಕಂಡಿತು. 1910ರಲ್ಲಿ ಸಾಲ್ವರ್ಸಾನ್ ಎಂಬ ಹೆಸರಿನಲ್ಲಿ ಅದು ಪೇಟೆಗೆ ಬಂತು. ಅದಕ್ಕೆ ಮೊದಲೇ ಸುಮಾರು 65,000 ಪ್ರಮಾಣಗಳನ್ನು ವೈದ್ಯರಿಗೆ ಉಚಿತವಾಗಿ ಹಂಚಲಾಗಿತ್ತು. ಕೀರ್ತಿಯ ಬೆನ್ನಿಗೇ ನಿಂದೆಯೂ ಬಂತು. 1914ರಲ್ಲಿ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು, ನಿಂದಿಸಿದವನಿಗೆ ಶಿಕ್ಷೆಯಾಯಿತು. ಆದರೆ ಎರ್ಲಿಕ್ ದಣಿದಿದ್ದರು. 1915ರ ಆಗಸ್ಟ್ 20ರಂದು ತೀರಿಕೊಂಡರು. ಮುಂದೆ ನಾತ್ಸಿಗಳು ಅವರ ಹೆಸರಿನ ಬೀದಿಯ ಫಲಕವನ್ನೂ ಕಿತ್ತುಹಾಕಿದರು. ಯುದ್ಧ ಮುಗಿದ ಮೇಲೆ ಹೆಸರು ಮರಳಿತು.

ಆದರೆ ಎರ್ಲಿಕ್ ಗೆಲ್ಲದೆ ಹೋದ ಒಂದು ಯುದ್ಧವಿತ್ತು. 1901ರಿಂದ ಅವರು ಕ್ಯಾನ್ಸರಿನ ಬಗ್ಗೆ ಸಂಶೋಧನೆ ನಡೆಸಿದರು. ವೈರಿ ಹೊರಗಿನಿಂದ ಬಂದ ರೋಗಾಣುವಲ್ಲ, ನಮ್ಮದೇ ಕೋಶ. ಅದನ್ನು ಗುರುತಿಸುವ ಗುಂಡು ಅವರ ಕಾಲಕ್ಕೆ ಸಿಗಲಿಲ್ಲ.

ಆ ಗುರುತು ಎಲ್ಲಿದೆ? ನಮ್ಮ ಪ್ರತಿಯೊಂದು ಕೋಶದ ಮೈಮೇಲೂ ಸಕ್ಕರೆಯ ಘಟಕಗಳು ಸರವಾಗಿ ಪೋಣಿಸಿಕೊಂಡಿರುತ್ತವೆ. ಕೋಶ ಕ್ಯಾನ್ಸರಿಗೆ ತಿರುಗಿದಾಗ ಈ ಸರಗಳೂ ಬದಲಾಗುತ್ತವೆ. ಎಳೆಯ ಮಕ್ಕಳಿಗೆ ಬರುವ ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರಿನ ಕೋಶಗಳ ಮೇಲೆ ಜಿಡಿ2 ಎಂಬ ವಸ್ತು ದಟ್ಟವಾಗಿರುತ್ತದೆ. ಅದು ಕೊಬ್ಬಿಗೆ ಅಂಟಿದ ಐದು ಸಕ್ಕರೆ ಘಟಕಗಳ ಸರ. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದ ಮೇಲೆ, ಜಿಡಿ2ಗೆ ಹೊಂದುವ ಪ್ರತಿಕಾಯವೂ ಸಿದ್ಧವಾಯಿತು. ಪ್ರತಿಕಾಯದ ತುದಿಯ ಕುಳಿಯಲ್ಲಿ ಆ ಸಕ್ಕರೆಯ ಸರ ಹೊಂದಿ ಕೂರುತ್ತದೆ. ಒಂದೊಂದು ಹಿಡಿತವೂ ದುರ್ಬಲ. ಆದರೆ ಪ್ರತಿಕಾಯಕ್ಕೆ ಇರುವ ಎರಡು ತೋಳುಗಳೂ ಸೇರಿ ಹಿಡಿದರೆ ಬಿಗಿ. ಬಳಿಕ ಅದು ದೇಹದ ರಕ್ಷಕ ಕೋಶಗಳನ್ನೂ ರಕ್ತದಲ್ಲಿನ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳನ್ನೂ ಕರೆಯುತ್ತದೆ. ಕಾಂಪ್ಲಿಮೆಂಟ್ ಎಂದು ಹೆಸರಿಟ್ಟವರೂ ಎರ್ಲಿಕ್ಕರೇ!

ಡೈನುಟುಕ್ಸಿಮ್ಯಾಬ್ ಎಂಬ ಈ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 2015ರಲ್ಲಿ, ಅಂದರೆ ಎರ್ಲಿಕ್ ಗತಿಸಿ ನೂರು ವರ್ಷಗಳಾದಾಗ. ಗುಂಡು ಇನ್ನೂ ಪೂರ್ಣ ಮಾಯೆಯದಲ್ಲ. ನರಗಳ ಮೇಲೂ ಜಿಡಿ2 ಇರುವುದರಿಂದ ಮಕ್ಕಳಿಗೆ ತೀವ್ರವಾದ ನೋವಾಗುತ್ತದೆ. ನೋವುಶಾಮಕ ಕೊಟ್ಟೇ ಚಿಕಿತ್ಸೆ ನಡೆಸಬೇಕು. ಎಲ್ಲ ಮಕ್ಕಳೂ ಗುಣವಾಗುವುದಿಲ್ಲ. ಆದರೂ ಕೆಲವು ಮನೆಗಳ ದೀಪ ಆರದೆ ಉಳಿದಿದೆ.

ಮಿತ್ರರೇ, ಬಿತ್ತಿದವರೇ ಫಲ ಕಾಣಬೇಕೆಂದಿಲ್ಲ. ಮುಂದಿನ ಸಲ ಈರುಳ್ಳಿಯ ಪೊರೆಗೆ ಬಣ್ಣ ಹಾಕುವಾಗ, ಅದು ಅಲ್ಲಿಗೇ ಏಕೆ ಅಂಟಿತೆಂದು ನಾವೂ ಒಮ್ಮೆ ಕೇಳೋಣ.