ವೆಲ್ಲೂರಿನ ಡಾ. ಐಡಾ ಸ್ಕಡ್ಡರ್

ಹಸುವಿಗೆ ಕಾಯಿಲೆ ಆದರೆ ಡಾಕ್ಟರು ಊರಿಗೇ ಬರಲಿ ಅಂತ ಕೇಳುವವರು ನಾವು. ಹಳ್ಳಿ ಜನಕ್ಕೂ ಅಂಥ ಏರ್ಪಾಡು ಬೇಕೆಂದು ದುಡಿದ ಮಹಾತಾಯಿಯೊಬ್ಬರನ್ನು ಇಲ್ಲಿ ನೆನೆಯುತ್ತೇನೆ.

ಐಡಾ ಸ್ಕಡ್ಡರ್ 1870ರಲ್ಲಿ ಈಗಿನ ತಮಿಳುನಾಡಿನ ರಾಣಿಪೇಟೆಯಲ್ಲಿ ಅಮೆರಿಕದ ಮಿಷನರಿ ಡಾಕ್ಟರ ಮಗಳಾಗಿ ಹುಟ್ಟಿದರು. ಓದಿದ್ದು ಅಮೆರಿಕದಲ್ಲಿ. ಇಲ್ಲಿ ನೆಲೆಸುವ ಆಸೆ ಅವರಿಗಿರಲಿಲ್ಲ. ತಾಯಿಗೆ ಹುಷಾರಿಲ್ಲವೆಂದು ತಿಂಡಿವನಕ್ಕೆ ಬಂದಿದ್ದಾಗ ಒಂದು ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೊಬ್ಬರು ಬಂದು, ಹೆರಿಗೆ ನೋವಿನಲ್ಲಿದ್ದ ತಮ್ಮ ಹೆಂಡತಿಯರಿಗೆ ಸಹಾಯ ಬೇಡಿದರು. ಐಡಾಗೆ ವೈದ್ಯ ಗೊತ್ತಿಲ್ಲ. ಗೊತ್ತಿದ್ದ ತಂದೆ ಗಂಡಸು ಅಂತ ಅವರು ಒಪ್ಪಲಿಲ್ಲ. ಬೆಳಗಾಗುವುದರಲ್ಲಿ ಮೂವರು ಹೆಂಗಸರೂ ತೀರಿಹೋಗಿದ್ದರು.

ಆ ಸಾವುಗಳೇ ಅವರ ದಾರಿ ತಿರುಗಿಸಿದವು. 1899ರಲ್ಲಿ ಕಾರ್ನೆಲ್‌ನಲ್ಲಿ ಡಾಕ್ಟರಿಕೆ ಪಾಸು ಮಾಡಿ, 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯಿಂದ ಕೆಲಸ ಶುರು ಮಾಡಿದರು. 1902ರಲ್ಲಿ 40 ಹಾಸಿಗೆಯ ಆಸ್ಪತ್ರೆ ಆಯಿತು. ಅಲ್ಲಿಗೂ ಬರಲಾರದವರಿಗಾಗಿ ಹಳ್ಳಿ ರಸ್ತೆಯ ಬದಿಯಲ್ಲೇ ಔಷಧಿ ಕೊಟ್ಟರು.

ಆದರೆ ಒಬ್ಬರ ಮನೆ ಹಾಲಿನಿಂದ ಡೇರಿ ನಡೆದೀತೇ? ಒಬ್ಬ ಡಾಕ್ಟರಿಂದ ಎಷ್ಟು ಊರು ಉಳಿದೀತು? ಅದಕ್ಕೇ 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯ ಶಾಲೆ ತೆರೆದರು. ಕಲಿಯುವವರನ್ನು ಹಳ್ಳಿ ರಸ್ತೆಗೂ ಕರೆದೊಯ್ದರು. 1922ರಲ್ಲಿ ಮೊದಲ ತಂಡದ 14 ಮಂದಿ ಪಾಸಾಗಿ ಹೊರಬಂದರು. 1947ರಿಂದ ಗಂಡುಮಕ್ಕಳಿಗೂ ಅಲ್ಲಿ ಪ್ರವೇಶವಾಯಿತು.

1960ರಲ್ಲಿ ಕೊಡೈಕೆನಾಲಿನಲ್ಲಿ ಅವರು ತೀರಿಕೊಂಡರು. ಅವರು ಕಟ್ಟಿದ ಸಂಸ್ಥೆ ಇವತ್ತಿಗೂ ಡಾಕ್ಟರು, ನರ್ಸುಗಳನ್ನು ತಯಾರು ಮಾಡುತ್ತಿದೆ. ನಮ್ಮ ಸದಸ್ಯರ ಮಕ್ಕಳಲ್ಲಿ ಯಾರೇ ಆ ವಿದ್ಯೆ ಕಲಿತರೂ ಊರಿನ ದಾರಿ ಮರೆಯದಿರಲಿ ಎಂದು ಕೋರುತ್ತೇನೆ.