ನೌಕರಿಗೆ ರಾಜೀನಾಮೆ ಕೊಟ್ಟು ಕನಸಿನ ಹಿಂದೆ ಹೋದರೇ ಸಿ.ವಿ. ರಾಮನ್? ಫಾರ್ವರ್ಡ್‌ಗಳು ಹೇಳದ ಹತ್ತು ವರ್ಷಗಳ ಕಥೆ

ಫೆಬ್ರವರಿ 28 ಹತ್ತಿರ ಬಂದರೆ ಸಾಕು, ಸರ್ ಸಿ.ವಿ. ರಾಮನ್ ಅವರ ಫೋಟೊ ಇರುವ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡತೊಡಗುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಹೆಚ್ಚು ಹಂಚಿಕೊಳ್ಳುವ ಸಂದೇಶ ಒಂದಿದೆ: ರಾಮನ್ ಒಳ್ಳೆಯ ಸರ್ಕಾರಿ ನೌಕರಿಯನ್ನು ಬಿಸಾಕಿ ವಿಜ್ಞಾನದ ಹಿಂದೆ ಹೋದರು, ನೊಬೆಲ್ ಗೆದ್ದರು, ನೀವೂ ಧೈರ್ಯ ಮಾಡಿ ಎನ್ನುವಂಥದ್ದು. ಇದು ಅರ್ಧ ಸತ್ಯ. ಅವರು ನೌಕರಿ ಬಿಟ್ಟದ್ದು ನಿಜ. ಆದರೆ ಬಿಡುವ ಮುನ್ನ ಹತ್ತು ವರ್ಷ ಅದೇ ನೌಕರಿ ಮಾಡಿದ್ದರು. ಅವರು ವಿಜ್ಞಾನಿಯಾಗಿ ಬೆಳೆದದ್ದೂ ಆ ಹತ್ತು ವರ್ಷಗಳಲ್ಲೇ.

ಲೆಕ್ಕಪತ್ರ ಇಲಾಖೆಗೆ ಸೇರಿದ್ದೇಕೆ?

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿನಾಪಳ್ಳಿಯಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1906ರಲ್ಲಿ, ಬೆಳಕಿನ ಬಗ್ಗೆ ಅವರು ಬರೆದ ಪ್ರಬಂಧ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್‌ನಲ್ಲಿ ಪ್ರಕಟವಾಗಿತ್ತು. ಇಷ್ಟು ಚುರುಕಾದ ಹುಡುಗ ಇಂಗ್ಲೆಂಡಿಗೆ ಹೋಗಿ ಓದಲಿ ಎಂದು ಪ್ರಾಧ್ಯಾಪಕರು ಬಯಸಿದರು. ಆದರೆ ಆರೋಗ್ಯ ತಪಾಸಣೆ ಮಾಡಿದ ವೈದ್ಯರು, ಈ ದೇಹಕ್ಕೆ ಅಲ್ಲಿನ ಹವೆ ಒಗ್ಗುವುದಿಲ್ಲ ಎಂದುಬಿಟ್ಟರು.

ಆಗ ಭಾರತದಲ್ಲಿ ಸಂಶೋಧನೆಯನ್ನೇ ನಂಬಿ ಬದುಕುವ ದಾರಿ ಇರಲಿಲ್ಲವೆಂದೇ ಹೇಳಬೇಕು. ಇಂಗ್ಲೆಂಡಿಗೆ ಹೋಗದೆಯೇ ಹಿಡಿಯಬಹುದಾದ ದೊಡ್ಡ ಹುದ್ದೆ ಎಂದರೆ ಹಣಕಾಸು ಇಲಾಖೆಯದು. ಅದರ ಪರೀಕ್ಷೆಯಲ್ಲಿ ರಾಮನ್ ಮೊದಲಿಗರಾದರು. 1907ರ ಮೇ ತಿಂಗಳಲ್ಲಿ ಲೋಕಸುಂದರಿಯವರ ಜೊತೆ ಮದುವೆಯಾಯಿತು. ಅದೇ ವರ್ಷದ ನಡುವಿನಲ್ಲಿ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕೆಲಸಕ್ಕೆ ಸೇರಿದರು. ಆಗ ಅವರಿಗೆ 18 ವರ್ಷ.

ಟ್ರ್ಯಾಮ್ ಕಿಟಕಿಯಿಂದ ಕಂಡ ಬೋರ್ಡು

ಕಲ್ಕತ್ತೆ ಆಗ ಬ್ರಿಟಿಷ್ ಭಾರತದ ರಾಜಧಾನಿ. ವಿದ್ಯುತ್ ಟ್ರ್ಯಾಮ್ ಓಡಲು ಶುರುವಾಗಿ ಐದು ವರ್ಷವಾಗಿತ್ತಷ್ಟೆ. ಭಾಷೆ ಬೇರೆ, ಊಟ ಬೇರೆ, ಪರಿಚಯದವರು ಕಡಿಮೆ. ಹೊಸ ದಂಪತಿ ಬೌಬಜಾರ್ ಬೀದಿಗೆ ಹತ್ತಿರದ ಸ್ಕಾಟ್ಸ್ ಲೇನ್‌ನಲ್ಲಿ ಮನೆ ಹಿಡಿದರು.

ಒಂದು ದಿನ ಟ್ರ್ಯಾಮ್‌ನಲ್ಲಿ ಹೋಗುತ್ತಿದ್ದಾಗ 210, ಬೌಬಜಾರ್ ಬೀದಿಯ ಕಟ್ಟಡದ ಮೇಲೆ ಒಂದು ಬೋರ್ಡು ರಾಮನ್ ಕಣ್ಣಿಗೆ ಬಿತ್ತು: ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್. ವೈದ್ಯರಾಗಿದ್ದ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಜನರಿಂದ ದೇಣಿಗೆ ಎತ್ತಿ ಕಟ್ಟಿದ ಸಂಸ್ಥೆ ಅದು. ಭಾರತೀಯರು ತಮ್ಮ ಕೈಯಾರೆ ವಿಜ್ಞಾನ ಮಾಡಬೇಕೆಂಬುದು ಅವರ ಆಸೆ. ಉಪನ್ಯಾಸಗಳೇನೋ ನಡೆಯುತ್ತಿದ್ದವು. ಸಂಶೋಧನೆ ಮಾಡಲು ಮಾತ್ರ ಜನ ಬರಲಿಲ್ಲ. ಆ ಕೊರಗಿನಲ್ಲೇ ಸರ್ಕಾರ್ 1904ರಲ್ಲಿ ತೀರಿಕೊಂಡಿದ್ದರು.

ರಾಮನ್ ಹೋಗಿ ಬಾಗಿಲು ತಟ್ಟಿದರು. ಬಾಗಿಲು ತೆರೆದವರು ಸಹಾಯಕ ಆಶುತೋಷ್ ದೇ. ಮಹೇಂದ್ರಲಾಲರ ಮಗ, ಕಾರ್ಯದರ್ಶಿ ಅಮೃತಲಾಲ್ ಸರ್ಕಾರ್, ಈ ಹುಡುಗನಿಗೆ ಪ್ರಯೋಗಾಲಯವನ್ನು ಬಿಟ್ಟುಕೊಟ್ಟರು. ಆಶು ಬಾಬು ಮುಂದೆ ವರ್ಷಗಟ್ಟಲೆ ರಾಮನ್‌ಗೆ ಬಲಗೈಯಾಗಿ ದುಡಿದರು.

ಕಚೇರಿಗೆ ಮುಂಚೆ, ಕಚೇರಿಯ ನಂತರ

ಅಲ್ಲಿಂದ ಮುಂದೆ ಅವರ ದಿನಚರಿ ಹೀಗಿತ್ತು: ಬೆಳಗ್ಗೆ ಐದೂವರೆಗೆ ಪ್ರಯೋಗಾಲಯ. ಹತ್ತು ಗಂಟೆಗೆ ಸ್ವಲ್ಪ ಮುಂಚೆ ಮನೆಗೆ ಓಡಿ ಬಂದು ಸ್ನಾನ ಮಾಡಿ, ಎರಡು ತುತ್ತು ತಿಂದು ಕಚೇರಿಗೆ. ಸಂಜೆ ಐದಕ್ಕೆ ಕಚೇರಿಯಿಂದ ನೇರ ಮತ್ತೆ ಪ್ರಯೋಗಾಲಯಕ್ಕೆ. ಮನೆ ಸೇರುವಾಗ ರಾತ್ರಿ ಒಂಬತ್ತೂವರೆ, ಹತ್ತು. ಭಾನುವಾರವೂ ಅಲ್ಲೇ.

ದುಬಾರಿ ಉಪಕರಣಗಳಿರಲಿಲ್ಲ. ಪಿಟೀಲಿನ ತಂತಿ ಹೇಗೆ ಕಂಪಿಸುತ್ತದೆ, ಏಕತಾರಿಯ ನಾದ ಎಲ್ಲಿಂದ ಬರುತ್ತದೆ ಎಂಬಂಥ ಪ್ರಶ್ನೆಗಳನ್ನು ಅವರು ಎತ್ತಿಕೊಂಡರು. ಫಲಿತಾಂಶಗಳು ನೇಚರ್‌ನಂಥ ಪತ್ರಿಕೆಗಳಲ್ಲಿ ಬಂದವು.

ಇದನ್ನು ಓದಿ, ನಾಳೆಯಿಂದ ನಾನೂ ನಿದ್ದೆ ಕಡಿಮೆ ಮಾಡುತ್ತೇನೆ ಎಂದು ಹೊರಡಬೇಡಿ. ಪ್ರಯೋಗಾಲಯ ಮನೆಗೆ ಹತ್ತಿರವಿತ್ತು. ಸಂಬಳದ ಚಿಂತೆ ಇರಲಿಲ್ಲ. ಅಡುಗೆ, ಮನೆವಾರ್ತೆ ಎಲ್ಲವನ್ನೂ ಗೊತ್ತಿಲ್ಲದ ಊರಿನಲ್ಲಿ ಲೋಕಸುಂದರಿಯವರು ನಿಭಾಯಿಸುತ್ತಿದ್ದರು. ಒಬ್ಬರ ಸಾಧನೆಯ ಕಥೆ ಎಂದು ಹಂಚಿಕೊಳ್ಳುವ ಸಂದೇಶಗಳಲ್ಲಿ ಅವರ ಹೆಸರು ಕಾಣುವುದು ಅಪರೂಪ.

ನೌಕರಿ ಎಂದ ಮೇಲೆ ವರ್ಗಾವಣೆ ಬಿಟ್ಟೀತೇ? 1909ರಲ್ಲಿ ರಂಗೂನ್, 1910ರಲ್ಲಿ ನಾಗಪುರ. ಕೈಗೆ ಸಿಕ್ಕ ಪ್ರಯೋಗಾಲಯ ಕೈತಪ್ಪಿತು. ಆದರೂ ಅವರು ಕೆಲಸ ಬಿಡಲಿಲ್ಲ, ಪ್ರಯೋಗವನ್ನೂ ನಿಲ್ಲಿಸಲಿಲ್ಲ. 1911ರಲ್ಲಿ ಮತ್ತೆ ಕಲ್ಕತ್ತೆಗೆ ಬಂದವರು, ಮುಂದೆ ಅಸೋಸಿಯೇಷನ್ ಪಕ್ಕದ ಮನೆಗೇ ಬಂದರು. ಮಧ್ಯದಲ್ಲಿ ಒಂದು ಬಾಗಿಲು ಇಟ್ಟರಾಯಿತು, ಹೊತ್ತಲ್ಲದ ಹೊತ್ತಿನಲ್ಲೂ ಪ್ರಯೋಗಾಲಯಕ್ಕೆ ಹೋಗಬಹುದಿತ್ತು.

ಹಾಗಾದರೆ ನೌಕರಿ ಬಿಟ್ಟದ್ದು ಯಾವಾಗ?

ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಆಶುತೋಷ್ ಮುಖರ್ಜಿ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ರಾಮನ್ ಅವರನ್ನು ಕರೆದರು. ಈ ಹುದ್ದೆಗೆ ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಯಮವಿತ್ತು. ಅದಕ್ಕಾಗಿ ಹೊರಗೆ ಹೋಗಲು ರಾಮನ್ ಒಪ್ಪಲಿಲ್ಲ. ಕೊನೆಗೆ ನಿಯಮವೇ ಸಡಿಲವಾಯಿತು. 1917ರ ಜುಲೈನಲ್ಲಿ, 28ನೇ ವಯಸ್ಸಿನಲ್ಲಿ, ಅವರು ಸರ್ಕಾರಿ ನೌಕರಿಗೆ ರಾಜೀನಾಮೆ ಕೊಟ್ಟರು. ಪ್ರಾಧ್ಯಾಪಕರ ಸಂಬಳ ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ತ್ಯಾಗ ಸುಳ್ಳಲ್ಲ. ಆದರೆ ಅದು ಕಣ್ಣು ಮುಚ್ಚಿ ಹಾರಿದ್ದಲ್ಲ. ಹತ್ತು ವರ್ಷದ ಕೆಲಸ ಬೆನ್ನಿಗಿತ್ತು, ಎದುರಿಗೆ ಇನ್ನೊಂದು ಕೆಲಸವಿತ್ತು.

ಜೊತೆಗೆ ಬರುವ ಇನ್ನೆರಡು ತಪ್ಪುಗಳು

ಮೊದಲನೆಯದು, ಫೆಬ್ರವರಿ 28 ರಾಮನ್ ಹುಟ್ಟುಹಬ್ಬ ಎನ್ನುವುದು. ಅಲ್ಲ. 1928ರ ಆ ದಿನ ರಾಮನ್ ಪರಿಣಾಮ ಖಚಿತವಾಯಿತು. ಅದರ ನೆನಪಿಗೆ 1987ರಿಂದ ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುತ್ತೇವೆ.

ಎರಡನೆಯದು, ಸಮುದ್ರ ನೀಲಿ ಯಾಕೆಂದು ಹೇಳಿದ್ದಕ್ಕೆ ನೊಬೆಲ್ ಬಂತು ಎನ್ನುವುದು. 1921ರ ಹಡಗಿನ ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಕಾಡಿದ್ದು ನಿಜ. ಆ ನೀಲಿ ಬರೀ ಆಕಾಶದ ಪ್ರತಿಬಿಂಬವಲ್ಲ ಎಂದು ಅವರು ತೋರಿಸಿದರು. ನೀರಿನ ಅಣುಗಳು ಬೆಳಕನ್ನು ಚದುರಿಸುವುದು ಕಾರಣ ಎಂದರು. ನೀರು ಕೆಂಪು ಬಣ್ಣವನ್ನು ಹೀರಿಕೊಳ್ಳುವುದೇ ಮುಖ್ಯ ಕಾರಣ ಎಂದು ಇಂದು ತಿಳಿದಿದೆ. ನೊಬೆಲ್ ಬಂದದ್ದು, ಆ ಪ್ರಶ್ನೆಯನ್ನು ಬೆನ್ನಟ್ಟಿ ಕೆ.ಎಸ್. ಕೃಷ್ಣನ್ ಅವರೊಂದಿಗೆ ಕಂಡುಕೊಂಡ ಬೇರೆಯದೇ ಸಂಗತಿಗೆ: ವಸ್ತುವಿನ ಅಣುಗಳಿಗೆ ತಾಗಿ ಚದುರುವ ಬೆಳಕಿನಲ್ಲಿ ಒಂದು ಅತಿ ಸಣ್ಣ ಪಾಲು ತನ್ನ ಬಣ್ಣವನ್ನೇ ಬದಲಿಸಿಕೊಳ್ಳುತ್ತದೆ. ಆ ಬದಲಾವಣೆ ನೋಡಿ ವಸ್ತು ಯಾವುದೆಂದು ಗುರುತಿಸಬಹುದು. ಔಷಧ ಪರೀಕ್ಷೆಯಲ್ಲಿ ಇಂದಿಗೂ ಈ ವಿಧಾನ ಬಳಕೆಯಲ್ಲಿದೆ.

ಬೋರ್ಡು ನೋಡಿ ಒಳಹೊಕ್ಕ ಅದೇ ಕಟ್ಟಡದಲ್ಲಿ ಈ ಶೋಧ ನಡೆಯಿತು. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು, 1948ರಲ್ಲಿ ಇಲ್ಲೇ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆ ಕಟ್ಟಿದರು, 1970ರ ನವೆಂಬರ್ 21ರಂದು ಇಲ್ಲೇ ತೀರಿಕೊಂಡರು.

ನೌಕರಿ ಬಿಸಾಕಿದ ರಾಮನ್ ಸಂದೇಶ ಮುಂದಿನ ಸಲ ಬಂದಾಗ, ಹೊಸ ಊರಿನಲ್ಲಿ ಮೊದಲ ಕೆಲಸಕ್ಕೆ ಸೇರಿರುವ ನಿಮ್ಮ ತಮ್ಮನಿಗೋ ತಂಗಿಗೋ ಅದನ್ನು ಹಾಗೇ ಕಳಿಸಬೇಡಿ. ಒಂದು ಸಾಲು ಸೇರಿಸಿ: ಅವರು ಬಾಗಿಲು ತಟ್ಟಿದ್ದು 1907ರಲ್ಲಿ, ನೌಕರಿ ಬಿಟ್ಟದ್ದು 1917ರಲ್ಲಿ.