ಕಿಟೆಲ್ಲರ ಸಿದ್ಧತೆ

ಪ್ಯಾರೀಸ್ ಕಾರ್ನರಿನಲ್ಲಿ ತಮಿಳಿನಲ್ಲಿ ವ್ಯವಹರಿಸಿ, ಮನೆಗೆ ಬಂದು ಕನ್ನಡವಾಡುವ ನಾವು ರಾಜ್ಯೋತ್ಸವದಂದು ರೆವರೆಂಡ್ ಫರ್ಡಿನಾಂಡ್ ಕಿಟೆಲ್ಲರನ್ನು ನೆನೆಯುವುದು ಉಚಿತವೇ ಸರಿ.

1832ರಲ್ಲಿ ಜರ್ಮನಿಯ ಪಾದ್ರಿಯೊಬ್ಬರ ಮನೆಯಲ್ಲಿ ಜನಿಸಿದ ಅವರು, ಕ್ರಿಸ್ತನ ಸೇವೆಗೆಂದು 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಶಾಲೆ ಸೇರಿದರು. ಪರದೇಶದ ಕಾರ್ಯಕ್ಕೆ ಅಲ್ಲಿ ಅಣಿಯಾಗಿ, 1853ರಲ್ಲಿ ಕನ್ನಡನಾಡಿಗೆ ಬಂದರು. ಆದರೆ ನಿಜವಾದ ಸಿದ್ಧತೆ ತೊಡಗಿದ್ದು ಆಮೇಲೆ. ಜನರ ನುಡಿಯನ್ನೂ ಹಳಗನ್ನಡ ಕಾವ್ಯವನ್ನೂ ಶ್ರದ್ಧೆಯಿಂದ ಕಲಿತರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಅಚ್ಚುಹಾಕಿಸಿದರು. ಮತಪ್ರಚಾರಕ್ಕೆಂದು ಬಂದವರು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಸುಮಾರು 70,000 ಶಬ್ದಗಳ ನಿಘಂಟನ್ನು ನಮಗಿತ್ತು, 1903ರಲ್ಲಿ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು.

ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆ ನಿಘಂಟನ್ನು 1968ರಿಂದ ಪ್ರಕಟಿಸಿದ್ದು ನಮ್ಮ ಮದರಾಸು ವಿಶ್ವವಿದ್ಯಾನಿಲಯವೇ. ಪರರ ನುಡಿಯನ್ನು ಅವರು ಅಷ್ಟು ಕಲಿತರು; ನಮ್ಮದನ್ನು ನಮ್ಮ ಮಕ್ಕಳಿಗೆ ಕಲಿಸಲು ನಾವೇಕೆ ಆಲಸ್ಯ ಮಾಡಬೇಕು?